ಐವತ್ತನೆಯ ದಿನದ ಗಾಳಿ

ಮೊದಲು ಒಂದು ಸೀಳುಸದ್ದು. ಹೊಸ ಬಟ್ಟೆಯನ್ನು ಯಾರೋ ಬಹಳ ಜೋಪಾನವಾಗಿ ಉದ್ದಕ್ಕೆ ಹರಿಯುತ್ತಿರುವ ಹಾಗೆ. ಆಮೇಲೆ ಒಂದು ಉಸಿರಿನಷ್ಟು ಮೌನ. ಆಮೇಲೆ ‘ಟಕ್’.

ನಮ್ಮ ಬೀದಿಗೆ ಬೆಳಗಾಗುತ್ತಿದ್ದದ್ದೇ ಈ ಸದ್ದಿನಿಂದ. ಗಾಜಿನಂಗಡಿಯಲ್ಲಿ ಕಿಟಕಿ ಅತ್ತೆ ಕೆಲಸಕ್ಕೆ ನಿಂತಿದ್ದಾಳೆ ಎಂದು ಅರ್ಥ. ಪುಟ್ಟ ಉಕ್ಕಿನ ಗಾಲಿ ಗಾಜಿನ ಮೇಲೆ ಗೆರೆ ಎಳೆಯುವಾಗ ಆ ಸೀಳುಸದ್ದು. ಗೆರೆಯ ಗುಂಟ ಗಾಜು ತಾನಾಗಿ ಎರಡಾಗುವಾಗ ಆ ‘ಟಕ್’. ನಡುವಿನ ಮೌನದಲ್ಲಿ ಅವಳು ಉಸಿರು ಹಿಡಿದಿರುತ್ತಿದ್ದಳು. ಎದುರು ಮನೆಯವರೂ ತಮಗೇ ತಿಳಿಯದೆ ಕೈಯಲ್ಲಿದ್ದ ಲೋಟವನ್ನು ಹಾಗೇ ಹಿಡಿದು ಕಾಯುತ್ತಿದ್ದರು. ‘ಟಕ್’ ಎಂದ ಮೇಲೆ ಎಲ್ಲರ ಕೈಗಳೂ ಮತ್ತೆ ಆಡುತ್ತಿದ್ದವು.

ಅಂಗಡಿಯ ಒಳಗೆ ಹೋದರೆ ಕೆರೆಯ ತಳಕ್ಕೆ ಇಳಿದಂತಿರುತ್ತಿತ್ತು. ಮರದ ಚೌಕಟ್ಟುಗಳಲ್ಲಿ ಗಾಜಿನ ಹಾಳೆಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಎದುರಿನಿಂದ ನೋಡಿದರೆ ಏನೂ ಇಲ್ಲ. ಅಂಚಿನಿಂದ ನೋಡಿದರೆ ಹಸಿರು. ಬಾಗಿಲಲ್ಲಿ ನುಗ್ಗಿದ ಬಿಸಿಲು ಅವುಗಳ ನಡುವೆ ದಾರಿ ತಪ್ಪಿ, ಮೆತ್ತಗಾಗಿ, ಹಿಂದಿನ ಗೋಡೆಯ ಮೇಲೆ ನೀರಿನ ಹಾಗೆ ಅಲ್ಲಾಡುತ್ತಿತ್ತು. ನಡುವೆ ಕಂಬಳಿ ಹಾಸಿದ ದೊಡ್ಡ ಮೇಜು. ಮೇಜಿನ ಮುಂದೆ ಅರವತ್ತೊಂದು ವರ್ಷದ ಕಿಟಕಿ ಅತ್ತೆ, ಬೆರಳುಗಳ ತುಂಬ ಕೂದಲೆಳೆಯಂಥ ಹಳೆಯ ಗಾಯದ ಗುರುತುಗಳು.

ಇಪ್ಪತ್ತೆರಡನೆಯ ವಯಸ್ಸಿಗೆ ಸೊಸೆಯಾಗಿ ಬಂದವಳು. ಗಂಡನಿಗೆ ಗಾಜೆಂದರೆ ಆಗುತ್ತಿರಲಿಲ್ಲ. ಅವನದು ಏನಿದ್ದರೂ ಚೌಕಟ್ಟಿನ ಮರಗೆಲಸ. ಕೆಲಸ ಕಲಿಸಿದವರು ಮಾವ. “ಗಾಜನ್ನ ಒಡೀಬಾರದು ಕಣಮ್ಮ,” ಎನ್ನುತ್ತಿದ್ದರು. “ಒಂದೇ ಒಂದು ಗೆರೆ ಎಳಿ. ಆಮೇಲೆ ಅದರ ಪಾಡಿಗೆ ಬಿಡು. ಎಳೆದ ಗೆರೆ ಮೇಲೆ ಇನ್ನೊಂದು ಸಲ ಹೋದೆಯೋ, ಗಾಜೂ ಕೆಡ್ತು, ಗಾಲೀನೂ ಕೆಡ್ತು.” ಮಕ್ಕಳಾಗಲಿಲ್ಲ. ಮಾವ ಹೋದರು, ಆಮೇಲೆ ಗಂಡನೂ ಹೋದ. ಮನೆಯಲ್ಲಿ ಉಳಿದವರು ಅವಳು ಮತ್ತು ಗಂಡನ ತಂಗಿ.

ನಾದಿನಿಗೆ ಈಗ ಐವತ್ತೆಂಟು. ಅವಳ ಮದುವೆಯ ಮಾತು ಬಂದಾಗಲೆಲ್ಲ ಮನೆಯಲ್ಲಿ ಯಾರೋ ಒಬ್ಬರು ಕಾಯಿಲೆ ಬೀಳುತ್ತಿದ್ದರು. ಹಾಗೇ ಮಾತು ನಿಂತಿತು. ಗಾಜನ್ನು ಚೌಕಟ್ಟಿಗೆ ಕೂರಿಸುವ ಪುಟ್ಟಿಯನ್ನು ನಾದುವುದು ಅವಳ ಕೆಲಸ: ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಹಾಕಿ, ಬೆರಳಿಗೆ ಅಂಟದ ಹದಕ್ಕೆ ಬರುವ ತನಕ ಹಿಟ್ಟಿನ ಹಾಗೆ ನಾದಬೇಕು. ಕತ್ತರಿಸಿದ ಗಾಜಿನ ಅಂಚನ್ನು ಒದ್ದೆ ಕಲ್ಲಿಗೆ ಉಜ್ಜಿ ಹರಿತ ತೆಗೆಯುವವಳೂ ಅವಳೇ. ಗಾಜು ಕತ್ತರಿಸುವವಳು ಅತ್ತಿಗೆ, ಅದು ಯಾರಿಗೂ ಚುಚ್ಚದಂತೆ ಮಾಡುವವಳು ನಾದಿನಿ.

ದೊಡ್ಡ ಹಾಳೆಗಳನ್ನು ಮಾತ್ರ ಇಬ್ಬರೂ ಹಿಡಿದೇ ಒಯ್ಯಬೇಕು. ಬೀದಿಯಲ್ಲಿ ಅವರಿಬ್ಬರೂ ಹೋಗುವುದನ್ನು ನೋಡಬೇಕಿತ್ತು. ಮುಂದೆ ಒಬ್ಬಳು, ಹಿಂದೆ ಒಬ್ಬಳು, ನಡುವೆ ಏನೂ ಇಲ್ಲ. ಕೈಗಳು ಮಾತ್ರ ಏನನ್ನೋ ಹಿಡಿದಿವೆ. ತಿರುವಿನಲ್ಲಿ ಬಿಸಿಲು ಬಿದ್ದಾಗ ಆ ಏನೂ ಇಲ್ಲದ್ದು ಫಳಕ್ಕೆಂದು ಹೊಳೆಯುತ್ತಿತ್ತು. ಮೂವತ್ತೊಂಬತ್ತು ವರ್ಷಗಳಲ್ಲಿ ಒಂದು ಹಾಳೆಯೂ ಬಿದ್ದಿಲ್ಲ. ‘ನಿಲ್ಲು’, ‘ನಡಿ’ ಎನ್ನುವ ಮಾತೂ ಅವರ ನಡುವೆ ಇರಲಿಲ್ಲ. ಮುಂದಿನವಳ ಹೆಜ್ಜೆ ಗಾಜಿನೊಳಗಿಂದ ಹರಿದು ಬಂದು ಹಿಂದಿನವಳ ಅಂಗೈಗೆ ತಿಳಿಯುತ್ತಿತ್ತು.

ಕಿಟಕಿ ಅತ್ತೆ ಎಂಬ ಹೆಸರು ಬಂದದ್ದು ಅಂಗಡಿಯಿಂದಲ್ಲ, ಚರ್ಚಿನಿಂದ.

ಚರ್ಚಿನ ಹನ್ನೆರಡು ಕಿಟಕಿಗಳಿಗೆ ಗಾಜು ಕೂರಿಸಿದ್ದು ಅವಳ ಮಾವನ ತಂದೆ. ಆ ಋಣಕ್ಕೋ ಗೌರವಕ್ಕೋ ವರ್ಷಕ್ಕೊಂದು ದಿನದ ಒಂದು ಕೆಲಸ ಆ ಮನೆಗೇ ಮೀಸಲಾಗಿತ್ತು. ಯೇಸುಸ್ವಾಮಿ ಸಾವಿನಿಂದ ಎದ್ದು ಬಂದ ಹಬ್ಬದಿಂದ ಐವತ್ತನೆಯ ದಿನ, ಪವಿತ್ರಾತ್ಮ ಇಳಿದು ಬಂದ ದಿನ. ಗುರುವನ್ನು ಕೊಂದವರು ತಮ್ಮನ್ನೂ ಬಿಡಲಾರರು ಎಂದು ಶಿಷ್ಯರೆಲ್ಲ ಮೇಲಂತಸ್ತಿನ ಕೋಣೆಯೊಂದರಲ್ಲಿ ಮುದುರಿ ಕೂತಿದ್ದರಂತೆ. ಕಾಯಿರಿ, ನಿಮ್ಮ ಪಕ್ಕದಲ್ಲಿ ನಿಲ್ಲುವ ಒಬ್ಬ ಸಹಾಯಕ ಬರುತ್ತಾನೆ ಎಂದಷ್ಟೇ ಗುರು ಅವರಿಗೆ ಹೇಳಿದ್ದರು. ಯಾವಾಗ ಎಂದು ಹೇಳಿರಲಿಲ್ಲ. ಒಂದು ಬೆಳಿಗ್ಗೆ ಬಿರುಗಾಳಿಯಂಥ ಸದ್ದು ಮನೆಯನ್ನೆಲ್ಲ ತುಂಬಿತು. ಬೆಂಕಿಯ ನಾಲಿಗೆಗಳಂಥವು ಒಬ್ಬೊಬ್ಬರ ಮೇಲೂ ಬಂದು ಕೂತವು. ಹೆದರಿ ಕೂತಿದ್ದವರು ಬೀದಿಗೆ ಬಂದು ಮಾತಾಡಿದರೆ, ಎಲ್ಲೆಲ್ಲಿಂದಲೋ ಬಂದಿದ್ದ ಜನಕ್ಕೆ ತಂತಮ್ಮ ತಾಯಿಯ ಮಾತಿನಲ್ಲೇ ಕೇಳಿಸಿತು. ಚರ್ಚು ಹುಟ್ಟಿದ್ದು ಆವತ್ತು ಎನ್ನುತ್ತಾರೆ. ಕಲ್ಲು ಗಾರೆಯ ಚರ್ಚಲ್ಲ. ಬಾಗಿಲು ದಾಟಿ ಹೊರಗೆ ಬಂದ ಆ ಜನ.

ಇದನ್ನು ಚರ್ಚಿನಲ್ಲಿ ಓದುವಾಗ ಮುಂದಿನ ಸಾಲಿನಲ್ಲಿ ಕೂತ ಲಾಂಡ್ರಿಯ ಅಜ್ಜಿ ಪ್ರತಿ ವರ್ಷವೂ ಒಂದು ಜಾಗಕ್ಕೆ ಮೊದಲೇ ನಕ್ಕುಬಿಡುತ್ತಿದ್ದಳು. ಶಿಷ್ಯರ ಮಾತು ಕೇಳಿದ ಕೆಲವರು, ಇವರು ಬೆಳಿಗ್ಗೆ ಬೆಳಿಗ್ಗೆಯೇ ಕುಡಿದು ಬಂದಿದ್ದಾರೆ ಎಂದು ಹಾಸ್ಯ ಮಾಡಿದರಂತಲ್ಲ, ಆ ಜಾಗ. “ನಮ್ಮ ಯಜಮಾನರ ನೆನಪಾಗುತ್ತೆ,” ಎನ್ನುತ್ತಿದ್ದಳು ಅಜ್ಜಿ. “ಅವರಿಗೂ ಹಾಗೇ ಅಂತಿದ್ರು. ಅವರ ವಿಷಯದಲ್ಲಿ ಮಾತ್ರ ಅದು ನಿಜಾನೇ ಆಗಿತ್ತು.”

ಆ ದಿನ ನಮ್ಮ ಚರ್ಚಿನಲ್ಲಿ ಎಲ್ಲ ಕಿಟಕಿಗಳನ್ನೂ ಮುಚ್ಚಿ, ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ, ದೀಪವಿಲ್ಲದೆ, ಮಾತಿಲ್ಲದೆ ಎಲ್ಲರೂ ಕೂರುತ್ತಾರೆ. ತಲೆಯ ಮೇಲೆ ಈ ಗೋಡೆಯಿಂದ ಆ ಗೋಡೆಗೆ ಕಟ್ಟಿದ ತಂತಿಯಲ್ಲಿ, ಮನೆಗೊಂದರಂತೆ ತೆಳ್ಳನೆಯ ಕೆಂಪು ಪಟ್ಟಿಗಳು ನೇತಾಡುತ್ತವೆ. ಮೇಲಟ್ಟದಲ್ಲಿ ಎತ್ತರದ ದೊಡ್ಡ ಕಿಟಕಿಯೊಂದಿದೆ, ಹಗ್ಗ ಎಳೆದರೆ ತೆರೆದುಕೊಳ್ಳುವಂಥದ್ದು. ಗಾಜಿನಂಗಡಿಯ ಮನೆಯವರೊಬ್ಬರು ಆ ಹಗ್ಗ ಹಿಡಿದು ಕೂರಬೇಕು. ಯಾವಾಗ ಎಳೆಯಬೇಕು ಎಂದು ಯಾರೂ ಹೇಳುವಂತಿಲ್ಲ. ಗಡಿಯಾರ ನೋಡುವಂತಿಲ್ಲ. ಒಳಗಿನಿಂದ ಪ್ರೇರಣೆಯಾದಾಗ ಎಳೆಯಬೇಕು. ಕಿಟಕಿ ತೆರೆದು, ಗಾಳಿ ನುಗ್ಗಿ, ಕೆಂಪು ಪಟ್ಟಿಗಳು ಬೆಂಕಿಯ ಹಾಗೆ ಎದ್ದಾಗ, ಊರಿನ ಗಿರಣಿ ಕೆಲಸಕ್ಕೆಂದು ಎಲ್ಲೆಲ್ಲಿಂದಲೋ ಬಂದು ನೆಲೆಸಿದ ಜನ ತಮ್ಮ ತಮ್ಮ ಭಾಷೆಯಲ್ಲಿ ಒಟ್ಟಿಗೇ ಪ್ರಾರ್ಥನೆ ಶುರು ಮಾಡುತ್ತಾರೆ.

ಮಾವ ಎಳೆದರು. ಗಂಡ ಹನ್ನೊಂದು ವರ್ಷ ಎಳೆದ. ಅವನು ತೀರಿಕೊಂಡ ಆರನೆಯ ವಾರಕ್ಕೆ ಹಬ್ಬ ಬಂತು, ಹಗ್ಗ ಅವಳ ಕೈಗೆ ಬಂತು. “ಮಾವಾ, ಯಾವಾಗ ಅಂತ ಹೇಗೆ ಗೊತ್ತಾಗುತ್ತೆ?” ಎಂದು ಅವಳು ಯಾವತ್ತೋ ಒಮ್ಮೆ ಕೇಳಿದ್ದಳು. “ಗೊತ್ತಾಗುತ್ತೆ,” ಎಂದಿದ್ದರು ಮಾವ.

ಆ ಮೊದಲ ವರ್ಷ ಅವಳಿಗೆ ಏನೂ ಗೊತ್ತಾಗಲಿಲ್ಲ. ಕೆಳಗೆ ಇನ್ನೂರು ಜನ ಕಾಯುತ್ತಿದ್ದಾರೆ. ಪಕ್ಕದ ಪುಟ್ಟ ಕಿಟಕಿಯ ಮಸಕು ಗಾಜಿನ ಮೂಲೆಯಲ್ಲಿ ಉಗುರಿನಷ್ಟು ಚಕ್ಕೆ ಎದ್ದು ಹೋಗಿ ಬೆಳಕು ಬರುತ್ತಿತ್ತು. ಸುಮ್ಮನೆ ಕಣ್ಣಿಟ್ಟಳು. ಆಚೆ ಲಾಂಡ್ರಿಯ ತಾರಸಿ. ಆಸ್ಪತ್ರೆಯ ಬಿಳಿ ಹಾಸುಗಳು ಸಾಲಾಗಿ ಒಣಗುತ್ತಿದ್ದವು. ಆಸ್ಪತ್ರೆಗೆ ಭಾನುವಾರದ ರಜೆ ಎಲ್ಲಿಂದ ಬರಬೇಕು. ಅವಳು ನೋಡುತ್ತಿದ್ದಂತೆ ದೂರದ ಕೊನೆಯ ಹಾಸು ನಿದ್ದೆಯಿಂದೆದ್ದವರಂತೆ ಒಂದು ಮೂಲೆ ಎತ್ತಿತು. ಅದರ ಪಕ್ಕದ್ದು ಎತ್ತಿತು. ಆಮೇಲೆ ಇನ್ನೊಂದು. ಗಾಳಿ ಬಿಳಿಯಾಗಿ ನಡೆದು ಬರುತ್ತಿರುವುದು ಕಣ್ಣಿಗೆ ಕಂಡಿತು. ಕೈ ತಾನಾಗಿ ಹಗ್ಗ ಎಳೆಯಿತು.

ಕಿಟಕಿ ತೆರೆದದ್ದೂ ಗಾಳಿ ಒಳಗೆ ಬಂದದ್ದೂ ಒಂದೇ ಕ್ಷಣಕ್ಕೆ. ಕೆಂಪು ಪಟ್ಟಿಗಳು ಭುಗಿಲೆಂದವು. ಕೆಳಗೆ ಯಾರೋ ಅತ್ತರು. ಹಳೆಯ ಪಾದ್ರಿ ಮುಖ ಮೇಲೆತ್ತಿ ಕಣ್ಣು ಮುಚ್ಚಿದರು. ಇಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ ಎಂದರು ಹಿರಿಯರು.

ಹೀಗೆ ಒಟ್ಟು ಹತ್ತೊಂಬತ್ತು ವರ್ಷ ಅದೇ ನಡೆಯಿತು. ಕಿಟಕಿ ಅತ್ತೆ ಎಳೆದರೆ ಗಾಳಿ ತಪ್ಪುವುದಿಲ್ಲ ಎಂದು ಮಾತಾಯಿತು. ಪಕ್ಕದ ಓಣಿಯವರು ಮಗುವಿಗೆ ಜ್ವರ ಬಂದರೆ ಅವಳ ಹತ್ತಿರ ತಂದು ತಲೆ ಮುಟ್ಟಿಸಿಕೊಂಡು ಹೋದರು. ಆಗ ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಊರಿನ ಯಾವ ಗಾಜಿನಲ್ಲಿ ಬಿರುಕು ಕಂಡರೂ ಬಿಡದವಳು, ಆ ಒಂದು ಮೂಲೆಯ ತೂತನ್ನು ಮಾತ್ರ ಹಾಗೇ ಬಿಟ್ಟಿದ್ದಳು. ಪವಿತ್ರಾತ್ಮನಿಗೆ ಕಾಯಬೇಕಾದವಳು ತಾನು, ಆಸ್ಪತ್ರೆಯ ಹಾಸುಗಳಿಗೆ ಕಾಯುತ್ತಿದ್ದೇನೆ ಎಂಬುದು ಒಳಗೊಳಗೇ ಗಾಜಿನ ಚೂರಿನಂತೆ ಚುಚ್ಚುತ್ತಿತ್ತು. ಒಮ್ಮೆ ಹಳೆಯ ಪಾದ್ರಿಯ ಮುಂದೆ ಬಾಯಿ ಬಿಡಲು ಹೋದಳು. ಅವರು ಅವಳ ಮಾತು ಪೂರ್ತಿ ಕೇಳುವ ಮೊದಲೇ, “ಅಮ್ಮಾ, ಬಂದದ್ದು ಗಾಳಿಯಲ್ಲ, ಗಾಳಿಯಂಥದ್ದು. ಬೆಂಕಿಯಲ್ಲ, ಬೆಂಕಿಯಂಥದ್ದು. ಏನು ಬಂತು ಅಂತ ಅವರಿಗೂ ಹೇಳೋಕೆ ಆಗಲಿಲ್ಲ,” ಎಂದು ನಕ್ಕು ಒಳಗೆ ಹೋದರು. ಮರು ವರ್ಷ ಅವರೂ ಇರಲಿಲ್ಲ.

ಗಡಿಯಾರದವರು ಅಂಗಡಿಗೆ ಬರತೊಡಗಿದ್ದು ಕಳೆದ ವರ್ಷ. ಬೀದಿಯ ಆ ತುದಿಯಲ್ಲಿ ಅವರ ರಿಪೇರಿ ಅಂಗಡಿ. ದೂರದ ಯಾವುದೋ ಸೀಮೆಯಿಂದ ಬಂದವರು. ಹೆಂಡತಿ ಹೋಗಿ ಎಂಟು ವರ್ಷ. ನಮ್ಮ ಭಾಷೆಯನ್ನು ಹಳ್ಳ ದಾಟುವವರು ಕಲ್ಲು ನೋಡಿ ನೋಡಿ ಹೆಜ್ಜೆ ಇಡುವಂತೆ ಮಾತಾಡುತ್ತಿದ್ದರು. ಗೋಡೆ ಗಡಿಯಾರಕ್ಕೆ ಗುಂಡು ಗಾಜು ಬೇಕಿತ್ತು. ಗುಂಡಗೆ ಕತ್ತರಿಸುವುದು ಅತ್ತೆಗೆ ಮಾತ್ರ ಬರುತ್ತಿದ್ದದ್ದು. ಅಂಚು ಉಜ್ಜಲು ನಾದಿನಿಗೆ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಅವರು ಸ್ಟೂಲಿನ ಮೇಲೆ ಕೂತು ಒದ್ದೆ ಕಲ್ಲಿನ ಸದ್ದು ಕೇಳುತ್ತಿದ್ದರು. ಮುಂದಿನ ತಿಂಗಳು ಮತ್ತೊಂದು ಗಾಜು ಬೇಕಾಯಿತು. ಅದರ ಮುಂದಿನ ತಿಂಗಳು ಇನ್ನೊಂದು.

“ಅತ್ತಿಗೆ, ಇವರ ಅಂಗಡೀಲಿ ಗೋಡೆ ಎಷ್ಟಿರಬಹುದು?” ಎಂದು ನಾದಿನಿ ಒಂದು ಸಲ ಅವರು ಹೋದ ಮೇಲೆ ಕೇಳಿದಳು. “ಇಷ್ಟೊಂದು ಗಡಿಯಾರ ಎಲ್ಲಿ ನೇತು ಹಾಕ್ತಾರೆ?”

“ನೀನೇ ಹೋಗಿ ಎಣಿಸಿಕೊಂಡು ಬಾ.”

“ನಾನ್ಯಾಕೆ ಹೋಗ್ಲಿ? ನಮ್ಮ ಮನೇಲಿ ಟೈಮ್ ಗೊತ್ತಾಗಲ್ವಾ?”

“ಅವರು ಬಂದಾಗ ನಿನಗೆ ಗೊತ್ತಾಗಲ್ಲ. ಮೊನ್ನೆ ಆ ಅಂಚನ್ನ ಉಜ್ಜಿ ಉಜ್ಜಿ ಗಾಜನ್ನೇ ಮುಗಿಸಿಬಿಡ್ತಿದ್ದೆ.”

ನಾದಿನಿ ಪುಟ್ಟಿಯ ಉಂಡೆಯನ್ನು ಅತ್ತಿಗೆಯ ಕಡೆಗೆ ಎಸೆದಳು. ಅದು ಮೇಜಿನ ಮೇಲೆ ಬಿದ್ದು ಚಪ್ಪಟೆಯಾಗಿ ಅಂಟಿಕೊಂಡಿತು.

ಹನ್ನೊಂದನೆಯ ಗಾಜು ಒಯ್ಯಲು ಬಂದ ದಿನ ಗಡಿಯಾರದವರು ಸ್ಟೂಲಿನ ಮೇಲೆ ಕೂರಲಿಲ್ಲ. ಗೋಡೆಯ ಮೇಲೆ ಅಲ್ಲಾಡುತ್ತಿದ್ದ ಬೆಳಕನ್ನು ನೋಡುತ್ತ, ಒಂದೊಂದೇ ಪದ ಆರಿಸಿಕೊಂಡು ನಾದಿನಿಗೆ ಹೇಳಿದರು: “ನಮ್ಮ ಮನೆಯಲ್ಲಿ ಗಡಿಯಾರ ಬಹಳ ಇವೆ. ಮಾತು ಇಲ್ಲ. ನೀವು ಬಂದರೆ ನನಗೆ ಸಂತೋಷ. ಹಬ್ಬ ಆದ ಮೇಲೆ ಹೇಳಿದರೆ ಸಾಕು.” ಅಷ್ಟು ಹೇಳಿ, ಗಾಜನ್ನು ಅಲ್ಲೇ ಮರೆತು ಹೊರಟು ಹೋದರು.

ಮರೆತು ಹೋದ ಗುಂಡು ಗಾಜು ಕಿಟಕಿಯ ಹತ್ತಿರ ಒರಗಿ ನಿಂತು, ದಿನವೂ ಸಂಜೆ ನೆಲದ ಮೇಲೆ ಒಂದು ಬೆಳಕಿನ ವೃತ್ತವನ್ನು ಇಡುತ್ತಿತ್ತು. ಇಬ್ಬರೂ ಅದನ್ನು ತುಳಿಯದಂತೆ ಸುತ್ತಿ ಓಡಾಡುತ್ತಿದ್ದರು.

ಹಬ್ಬದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಇಬ್ಬರೂ ಚರ್ಚಿನ ಕಿಟಕಿಗಳನ್ನು ಒರೆಸುತ್ತಿದ್ದರು. ಖಾಲಿ ಚರ್ಚಿನಲ್ಲಿ ಒದ್ದೆ ಕಾಗದದ ಕೀಚುಸದ್ದು ಮಾತ್ರ. ನಾದಿನಿ ಏಣಿಯ ಮೇಲಿದ್ದಳು. ಅತ್ತಿಗೆ ಏಣಿ ಹಿಡಿದಿದ್ದಳು.

“ಅತ್ತಿಗೆ.”

“ಹೂಂ.”

“ನಾಳೆ ಗಾಳಿ ಬಂದ್ರೆ ನಾನು ಅವರಿಗೆ ಹೂಂ ಅಂತೀನಿ. ಬರದಿದ್ರೆ ಇಲ್ಲ.”

ಏಣಿ ಒಂದಿಷ್ಟು ಅಲುಗಿತು. “ಇದೇನು, ಮದುವೆ ವಿಚಾರಾನ ಗಾಳಿಗೆ ಬಿಡ್ತಾರಾ?”

“ಗಾಳಿಗಲ್ಲ. ದೇವರಿಗೆ.” ನಾದಿನಿ ಕೆಳಗೆ ನೋಡಿದಳು. ಅವಳ ನೋಟ ಅತ್ತಿಗೆಯ ಮುಖದ ಮೇಲೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತಿತು. “ನೀವು ಎಳೆದಾಗ ಪ್ರತಿ ವರ್ಷ ಬರುತ್ತಲ್ಲ.”

“ಬರುತ್ತೆ.”

“ಮತ್ತೆ?”

ನಾದಿನಿ ಬಕೆಟ್ ತೆಗೆದುಕೊಂಡು ಮನೆಗೆ ಹೋದ ಮೇಲೆ ಅವಳು ಮೇಲಟ್ಟಕ್ಕೆ ಹತ್ತಿದಳು. ಪುಟ್ಟ ಕಿಟಕಿಯ ತೂತಿನಲ್ಲಿ ಕಣ್ಣಿಟ್ಟಳು. ತಾರಸಿಯ ಮೇಲೆ ಹಾಸುಗಳು ಉಬ್ಬಿ ಇಳಿಯುತ್ತಿದ್ದವು. ಉಬ್ಬಿದಾಗ ಎಳೆದರೆ ನಾದಿನಿ ಹೋಗುತ್ತಾಳೆ. ಇಳಿದಾಗ ಎಳೆದರೆ ನಾದಿನಿ ಉಳಿಯುತ್ತಾಳೆ. ಯಾರಿಗೂ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಒದ್ದೆ ಕಲ್ಲಿನ ಸದ್ದಿಲ್ಲದ ಮಧ್ಯಾಹ್ನಗಳು ಅವಳ ಕಣ್ಣ ಮುಂದೆ ಬಂದವು. ದೊಡ್ಡ ಹಾಳೆಯೊಂದರ ಈ ತುದಿಯನ್ನು ತಾನು ಹಿಡಿದು ನಿಂತಿದ್ದೇನೆ, ಆ ತುದಿಯಲ್ಲಿ ಯಾರೂ ಇಲ್ಲ. ನಾಳೆ ಇದೇ ತೂತಿನ ಮುಂದೆ ಕೂತರೆ ತನ್ನ ಕೈ ಏನು ಮಾಡೀತು ಎನ್ನುವುದು ಅವಳಿಗೇ ಹೇಳಲಾಗಲಿಲ್ಲ.

ಸೀರೆಯ ಸೆರಗಿನಲ್ಲಿ ಬೆಳಗಿನ ಪುಟ್ಟಿಯ ಒಂದು ಚೂರು ಅಂಟಿಕೊಂಡಿತ್ತು, ನಾದಿನಿ ನಾದಿದ್ದು. ಅದನ್ನು ಬೆರಳಲ್ಲಿ ಉರುಟಿಸಿ, ಬೆಚ್ಚಗೆ ಮಾಡಿ, ಗಾಜಿನ ಮೂಲೆಗೆ ಒತ್ತಿ ಹೆಬ್ಬೆರಳಿನಿಂದ ಸವರಿದಳು. ಹತ್ತೊಂಬತ್ತು ವರ್ಷದ ಬೆಳಕು ಆರಿತು.

ಮರುದಿನ ಹೊಸ ಪಾದ್ರಿ ಅಗುಳಿ ಹಾಕಿದ ಸದ್ದು ಚರ್ಚಿನ ತುಂಬ ಉರುಳಿ ಸುಮ್ಮನಾಯಿತು. ಬಣ್ಣದ ಗಾಜುಗಳ ಮಬ್ಬಿನಲ್ಲಿ ಜನ ಕೆರೆಯ ತಳದ ಕಲ್ಲುಗಳ ಹಾಗೆ ಕೂತಿದ್ದರು. ಗಡಿಯಾರದವರು ಎಲ್ಲರಂತೆ ಕೈಗಡಿಯಾರ ಬಿಚ್ಚಿ ಬಾಗಿಲ ಬಳಿಯ ತಟ್ಟೆಯಲ್ಲಿಟ್ಟು, ಬರಿಗೈಯಲ್ಲಿ ಏನು ಮಾಡುವುದೆಂದು ತಿಳಿಯದೆ ಮಣಿಕಟ್ಟನ್ನು ಹಿಡಿದುಕೊಂಡಿದ್ದರು. ನಾದಿನಿ ಕಂಬದ ಪಕ್ಕದಲ್ಲಿ, ತಲೆಯ ಮೇಲೆ ಸೆರಗು. ತಂತಿಯ ಮೇಲೆ ಕೆಂಪು ಪಟ್ಟಿಗಳು ನೇರ ಕೆಳಗೆ.

ಕಿಟಕಿ ಅತ್ತೆ ಹಗ್ಗ ಹಿಡಿದು ಕಾದಳು. ನೋಡಲು ಏನೂ ಇರಲಿಲ್ಲ. ಎಣಿಸಬಾರದು ಎಂದುಕೊಂಡಿದ್ದಳು, ಎಣಿಸಲಿಲ್ಲ. ಮೊದಮೊದಲು ಕೆಮ್ಮು, ಬೆಂಚಿನ ಕಿರುಗುಟ್ಟು, ಯಾರದೋ ಬಳೆ ಕೇಳಿಸಿದವು. ಆಮೇಲೆ ಅವೂ ನಿಂತವು. ಆಮೇಲೆ, ಎಲ್ಲ ಸದ್ದುಗಳ ಅಡಿಯಲ್ಲಿ, ಬೇರೊಂದು ಸದ್ದು ಇದ್ದದ್ದು ಗೊತ್ತಾಯಿತು. ಇನ್ನೂರು ಜನ ಉಸಿರಾಡುವ ಸದ್ದು. ಮೊದಲು ಬೇರೆ ಬೇರೆಯಾಗಿ, ಆಮೇಲೆ ಸ್ವಲ್ಪ ಸ್ವಲ್ಪವೇ ಕೂಡಿಕೊಂಡು, ದೊಡ್ಡದೊಂದು ಪ್ರಾಣಿ ಕತ್ತಲಲ್ಲಿ ಮಲಗಿದಂತೆ ಏರುತ್ತ ಇಳಿಯುತ್ತ ಇತ್ತು. ಹತ್ತೊಂಬತ್ತು ವರ್ಷ ಇದು ತನ್ನ ಬೆನ್ನ ಹಿಂದೆಯೇ ಇತ್ತಲ್ಲ, ತಾನು ತೂತಿನಲ್ಲಿ ಕಣ್ಣಿಟ್ಟು ಕೂತಿದ್ದೆನಲ್ಲ ಎಂದುಕೊಂಡಳು. ತನ್ನ ಉಸಿರನ್ನು ಹುಡುಕಿದಳು. ಅದು ಆ ಏರಿಳಿತದಲ್ಲಿ ಎಲ್ಲೂ ಇರಲಿಲ್ಲ. ಗೆರೆ ಎಳೆದಾದ ಮೇಲೆ ಹಿಡಿಯುವಂತೆ ಹಿಡಿದುಬಿಟ್ಟಿದ್ದಳು.

ಯಾಕೆ ಹಿಡಿದಿದ್ದೇನೆ?

ಆಗ ತನ್ನ ಕೈಗಳನ್ನು ನೋಡಿದಳು. ಹಗ್ಗದ ಮೇಲೆ ಬೆರಳ ಗೆಣ್ಣುಗಳು ಬಿಳಿಚಿದ್ದವು. ಎಳೆಯಲು ಸಿದ್ಧವಾದ ಕೈಗಳಲ್ಲ ಅವು. ಹಗ್ಗ ಓಡಿಹೋಗದಂತೆ ಕಟ್ಟಿಹಾಕಿದ ಕೈಗಳು. ತಾನು ಪ್ರೇರಣೆಗೆ ಕಾಯುತ್ತಿಲ್ಲ. ನಾದಿನಿ ಕಾದು ಕಾದು ಸೋಲಲಿ, ಬೇಡ ಬಿಡು ಅಂದುಕೊಳ್ಳಲಿ ಎಂದು ಕಾಯುತ್ತಿದ್ದೇನೆ. ಅದು ಅಷ್ಟು ಸ್ಪಷ್ಟವಾಗಿ, ಶುಭ್ರವಾಗಿ ಒರೆಸಿದ ಗಾಜಿನಾಚೆ ಕಂಡಂತೆ ಕಂಡಿತು. ಯಾರೂ ಬಯ್ಯಲಿಲ್ಲ. ಯಾರೋ ಪಕ್ಕದಲ್ಲಿ ಬಂದು ನಿಂತು, ಭಾರದ ಆ ತುದಿಯನ್ನು ಮೆಲ್ಲಗೆ ಎತ್ತಿ ಹಿಡಿದಂತಾಯಿತು. ಅವಳ ಉಸಿರು ಹೊರಗೆ ಬಂತು. ಅದರ ಜೊತೆಗೇ ಕೈ ಹಗ್ಗ ಎಳೆಯಿತು.

ಕಿಟಕಿ ತೆರೆಯಿತು. ಬೆಳಕು ಬಂತು. ಗಾಳಿ ಬರಲಿಲ್ಲ.

ಆಕಾಶ ಬಿಳಿಯಾಗಿ ನಿಂತಿತ್ತು. ತಾರಸಿಯ ಮೇಲಿನ ಹಾಸುಗಳು ಗೋಡೆಗೆ ಬಳಿದ ಸುಣ್ಣದಂತೆ ಅಲುಗದೆ ಇದ್ದವು. ಒಳಗೆ ಕೆಂಪು ಪಟ್ಟಿಗಳಲ್ಲಿ ಒಂದೂ ಮಿಸುಕಲಿಲ್ಲ. ಇನ್ನೂರು ಮುಖಗಳು ಮೇಲೆ ನೋಡಿದವು. ನಾದಿನಿಯ ಮುಖವೂ. ಆಮೇಲೆ ಅವಳು ತಲೆ ತಗ್ಗಿಸಿ ಸೆರಗನ್ನು ಸರಿ ಮಾಡಿಕೊಂಡಳು. ಹೊಸ ಪಾದ್ರಿ ಪುಸ್ತಕದ ಹಾಳೆಗಳನ್ನು ಹಿಂದೆ ಮುಂದೆ ತಿರುವಿದರು. ಹೀಗಾದರೆ ಏನು ಮಾಡಬೇಕೆಂದು ಅಲ್ಲಿ ಬರೆದಿರಲಿಲ್ಲ.

ಕೊನೆಗೆ ಲಾಂಡ್ರಿಯ ಅಜ್ಜಿ ಎಲ್ಲರಿಗೂ ಕೇಳುವಂತೆ ಗೊಣಗಿದಳು: “ಬಂದಾಗಿರಬೇಕು. ನಮಗೇ ತಿಳೀಲಿಲ್ಲ.” ಯಾರೋ ಕಿಸಕ್ಕೆಂದರು. ಅಜ್ಜಿ ಕಣ್ಣು ಮುಚ್ಚಿ, ತೊಂಬತ್ತು ವರ್ಷದ ಹಿಂದೆ ತೊಟ್ಟಿಲಲ್ಲಿ ಕೇಳಿದ್ದ ಭಾಷೆಯಲ್ಲಿ ಪ್ರಾರ್ಥನೆ ಶುರು ಮಾಡಿದಳು. ಅವಳ ಹಿಂದಿನ ಸಾಲಿನಿಂದ ಇನ್ನೊಂದು ಭಾಷೆ ಎದ್ದಿತು. ಎಡಗಡೆಯಿಂದ ಮತ್ತೊಂದು. ಪ್ರತಿ ವರ್ಷ ಗಾಳಿಯನ್ನು ನೋಡಿ ಶುರು ಮಾಡುತ್ತಿದ್ದವರು ಈಗ ಒಬ್ಬರ ದನಿ ಕೇಳಿ ಒಬ್ಬರು ಶುರು ಮಾಡಿದರು. ಸದ್ದು ತುಂಬಿ ಮೇಲಟ್ಟದ ಹಲಗೆಗಳು ನಡುಗಿದವು.

ಆ ನಡುವೆ ಒಂದು ದನಿ ಹೊಸದಾಗಿತ್ತು. ಎಲ್ಲೂ ತಡವರಿಸದೆ, ಪದ ಹುಡುಕದೆ, ಇಳಿಜಾರಿನ ನೀರಿನಂತೆ ಹರಿಯುತ್ತಿತ್ತು. ಗಡಿಯಾರದವರು ಎಂದೂ ಮೆಲುದನಿಯಲ್ಲೇ ಪ್ರಾರ್ಥಿಸುತ್ತಿದ್ದವರು; ಇವತ್ತು ಗಟ್ಟಿಯಾಗಿ ಹೇಳುತ್ತಿದ್ದರು. ಕಲ್ಲಿನಿಂದ ಕಲ್ಲಿಗೆ ಕಾಲಿಡುವ ಆ ಮನುಷ್ಯ ತನ್ನ ಮಾತಿನಲ್ಲಿ ಇಷ್ಟು ಸಲೀಸಾಗಿ ಓಡಾಡುತ್ತಾನೆ ಎಂದು ಯಾರಿಗೆ ಗೊತ್ತಿತ್ತು? ನಾದಿನಿ ಕಂಬದ ಪಕ್ಕದಿಂದ ತಿರುಗಿ ನೋಡಿದಳು. ಅವಳಿಗೆ ಒಂದು ಪದವೂ ತಿಳಿಯುವಂತಿರಲಿಲ್ಲ. ತಿಳಿದವಳಂತೆಯೇ ಕೇಳಿಸಿಕೊಳ್ಳುತ್ತಿದ್ದಳು. ಅದನ್ನು ಮೇಲಿನಿಂದ ಅತ್ತಿಗೆ ನೋಡಿದಳು.

ಆರಾಧನೆ ಮುಗಿದು ಜನ ಅಂಗಳದಲ್ಲಿ ಗುಂಪಾಗಿ ನಿಂತಿದ್ದರು. ಅತ್ತಿಗೆ ನೇರವಾಗಿ ನಾದಿನಿಯ ಹತ್ತಿರ ಹೋಗಿ, ಗೋಡೆಯ ನೆರಳಿಗೆ ಕರೆದುಕೊಂಡು ಹೋದಳು.

“ಗಾಳಿ ಬರಲಿಲ್ಲವಲ್ಲ ಅತ್ತಿಗೆ,” ಎಂದಳು ನಾದಿನಿ, ನೆಲ ನೋಡುತ್ತ. “ಆಯ್ತು ಬಿಡಿ. ಮನೆಗೆ ಹೋಗೋಣ.”

“ನಿನಗೊಂದು ಮಾತು ಹೇಳಬೇಕು. ಕೇಳಿದ ಮೇಲೆ ಬೈದುಬಿಡು. ಹತ್ತೊಂಬತ್ತು ವರ್ಷ ನನಗೆ ಯಾವ ಪ್ರೇರಣೆಯೂ ಆಗಿಲ್ಲ. ಆ ಪುಟ್ಟ ಕಿಟಕೀಲಿ ಒಂದು ತೂತು ಇತ್ತು. ನಾನು ಲಾಂಡ್ರಿ ಬಟ್ಟೆ ನೋಡಿಕೊಂಡು...”

“ಗೊತ್ತು.”

“ಗೊತ್ತಾ? ಹೇಗೆ?”

“ಪ್ರತಿ ವರ್ಷ ಆ ಕಿಟಕಿ ಒರೆಸೋಳು ನಾನಲ್ವಾ?” ಎಂದಳು ನಾದಿನಿ. “ಊರಿನ ಗಾಜೆಲ್ಲ ಸರಿ ಮಾಡೋ ನೀವು, ಕೈಗೆ ಸಿಗೋ ಒಂದು ತೂತು ಬಿಟ್ಟಿದೀರಿ ಅಂದ್ರೆ ಸುಮ್ಮನೆ ಬಿಟ್ಟಿರ್ತೀರಾ? ಒಂದು ಸಲ ನಾನೂ ಕಣ್ಣಿಟ್ಟು ನೋಡಿದೆ. ಹಾಸು ಕಾಣಿಸ್ತು. ನಗು ಬಂತು. ಮೇಲಟ್ಟದಿಂದ ಬೀಳ್ತಿದ್ದೆ.”

“ಗೊತ್ತಿದ್ದೂ ನಿನ್ನೆ ಹಾಗೆ ಹೇಳಿದೆಯಾ? ಗಾಳಿ ಬಂದ್ರೆ ಹೂಂ ಅಂತೀನಿ ಅಂತ?”

ನಾದಿನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ನಾನು ಹೋಗ್ಲಾ ಅಂತ ನಿಮ್ಮ ಮುಖ ನೋಡಿ ಕೇಳೋಕೆ ಆಗಲಿಲ್ಲ ಅತ್ತಿಗೆ. ಕೇಳಿದ್ರೆ ನೀವು ಹೋಗು ಅಂದೇ ಅಂತಿದ್ರಿ, ಹೊಟ್ಟೇಲಿ ಇಟ್ಟುಕೊಂಡು. ಅದಕ್ಕೆ ಹಗ್ಗ ನಿಮ್ಮ ಕೈಲಿರುವಾಗ ಕೇಳಿದೆ. ಮನಸ್ಸಿದ್ರೆ ಗಾಳಿ ಬರೋ ಹಾಗೆ ಎಳೀತೀರಿ ಅಂದುಕೊಂಡೆ. ಹಾಗೆ ಎಳೀಲಿಲ್ಲ. ನನಗೇನೂ ಬೇಜಾರಿಲ್ಲ.”

“ಅಯ್ಯೋ ಹುಚ್ಚೀ!” ಅತ್ತಿಗೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ನಿನ್ನೆ ನೀನು ಮನೆಗೆ ಹೋದ ಮೇಲೆ ನಾನು ತೂತು ಮುಚ್ಚಿಬಿಟ್ಟೆ. ನಿನ್ನದೇ ಪುಟ್ಟಿ. ನನಗೆ ಬಟ್ಟೆಯೂ ಕಾಣಲಿಲ್ಲ, ಗಾಳಿಯೂ ಕಾಣಲಿಲ್ಲ.”

“ಮುಚ್ಚಿಬಿಟ್ರಾ? ಯಾಕೆ?”

“ಕಂಡಿದ್ರೆ, ಬಟ್ಟೆ ಇಳಿದಿರುವಾಗ ಎಳೀತಿದ್ದೆನೋ ಏನೋ ಅಂತ ಭಯ. ಅಲ್ಲಿ ಕೂತಾಗ ತಿಳೀತು, ಭಯ ಸುಳ್ಳಲ್ಲ. ನಿನ್ನನ್ನ ಕಳಿಸೋಕೆ ಮನಸ್ಸಿಲ್ಲದೆ ಅಷ್ಟು ಹೊತ್ತು ಎಳೀದೆ ಕೂತಿದ್ದೆ.” ಅವಳು ನಾದಿನಿಯ ಕೈ ಹಿಡಿದಳು. ಅಗಸೆ ಎಣ್ಣೆಯ ವಾಸನೆಯ, ಮೆತ್ತನೆಯ ಕೈ. “ಆಮೇಲೆ ಎಳೆದೆ. ಇನ್ನೂರು ಜನರ ಮುಂದೆ ಗಾಳಿ ಬರದೆ ಮಾನ ಹೋಯ್ತು. ಹೋಗ್ಲಿ. ಎಳೆದಾಗ ಮಾತ್ರ ನನ್ನ ಮನಸ್ಸಿನಲ್ಲಿ ಹೂಂ ಅಂತಾನೇ ಇತ್ತು. ಕೇಳಿಸ್ತಾ?”

ನಾದಿನಿಯ ಕಣ್ಣು ತುಂಬಿತು. “ಮತ್ತೆ ದೊಡ್ಡ ಹಾಳೆ? ಆ ತುದಿ ಯಾರು ಹಿಡೀತಾರೆ?”

“ಬೀದಿ ಆ ತುದೀಲೇ ಇರ್ತೀಯಲ್ಲ. ಕೂಗಿದ್ರೆ ಕೇಳಲ್ವಾ? ಬರೋದು ತಡವಾದ್ರೆ ನಿನ್ನ ಗಂಡನ್ನ ಕೇಳ್ತೀನಿ, ಅಷ್ಟು ಗಡಿಯಾರ ಇಟ್ಟುಕೊಂಡು ಏನು ಮಾಡ್ತೀರಿ ಅಂತ.”

“ಗಂಡ ಅಂತೆ! ಅತ್ತಿಗೆ, ಮೆಲ್ಲಗೆ. ಜನ ಇದ್ದಾರೆ.”

ಅಂಗಳದ ಆಚೆ, ಬಾಗಿಲ ಬಳಿಯ ತಟ್ಟೆಯಿಂದ ಗಡಿಯಾರದವರು ತಮ್ಮ ಕೈಗಡಿಯಾರ ಎತ್ತಿಕೊಳ್ಳುತ್ತಿದ್ದರು. ಎತ್ತಿಕೊಂಡು, ಕಟ್ಟಿಕೊಳ್ಳದೆ, ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ನಿಂತರು. ಈ ಕಡೆ ನೋಡಬಾರದು ಎಂದು ಬಹಳ ಪ್ರಯತ್ನಪಟ್ಟು ಬೇರೆ ಕಡೆ ನೋಡುತ್ತಿದ್ದರು. ಅವರ ಹಿಂದೆ ತಾರಸಿಯ ಮೇಲೆ, ಎಲ್ಲ ಮುಗಿದ ಮೇಲೆ, ಕೊನೆಯ ಹಾಸು ಒಂದು ಮೂಲೆ ಎತ್ತಿತು. ಅತ್ತಿಗೆ ಅದನ್ನು ಕಂಡಳು. ಕಂಡು, ಇರಲಿ ಬಿಡು ಎನ್ನುವಂತೆ ಕೈ ಬೀಸಿದಳು.

“ನೋಡು, ಹೊರಟೇ ಬಿಡ್ತಾರೆ,” ಎಂದಳು. “ನಿನಗೆ ನಾಚಿಕೆ. ಅವರಿಗೆ ನಮ್ಮ ಮಾತು ಸರಿಯಾಗಿ ಬರಲ್ಲ. ಇಬ್ಬರೂ ಹೀಗೇ ನಿಂತ್ರೆ ಮುಂದಿನ ಹಬ್ಬ ಬರುತ್ತೆ.”

“ಅತ್ತಿಗೆ, ಬೇಡ, ಆಮೇಲೆ ನಾನೇ...”

“ಒಂದು ಗೆರೆ ಎಳೆದಾಯ್ತು, ಅದರ ಮೇಲೆ ಮತ್ತೆ ಹೋಗಬಾರದು. ನೀನು ಇಲ್ಲೇ ನಿಂತಿರು. ಅವರ ಗುಂಡು ಗಾಜು ನಮ್ಮ ಮನೇಲೇ ಉಳಿದಿದೆ ಅಂತ ಹೇಳ್ತೀನಿ, ಸಂಜೆ ಬಂದು ತಗೊಂಡು ಹೋಗಲಿ, ಬರುವಾಗ...” ಎನ್ನುತ್ತ ಕಿಟಕಿ ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಿಸಿಲಿಗೆ ಕಾಲಿಟ್ಟು, ಜನರ ನಡುವೆ ದಾರಿ ಮಾಡಿಕೊಳ್ಳುತ್ತ, ಇನ್ನೂ ಏನೋ ಹೇಳುತ್ತಲೇ ಗಡಿಯಾರದವರ ಕಡೆಗೆ ನಡೆದಳು.